ಚೀನಾದ ಹಂದಿಯೂ ನಮ್ಮ ಶಾಮಣ್ಣನ ಸಾಂಬಾರೂ

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ನಾವು ಆರು ಜನ ದಾವಣಗೆರೆಯ ಎಪಿಎಂಸಿ ಹತ್ತಿರದ ಒಂದು ಹೋಟೆಲಿನಲ್ಲಿ ಸೇರುತ್ತೇವೆ. ಸೇರಲು ಕಾರಣ ಏನೂ ಇಲ್ಲ. ಕಾರಣ ಇದ್ದಿದ್ದರೆ ಇಷ್ಟು ವರ್ಷ ನಡೆಯುತ್ತಲೇ ಇರಲಿಲ್ಲ. ನಿಯಮ ಮಾತ್ರ ಒಂದಿದೆ: ವಾದದಲ್ಲಿ ಸೋತವರು ಬಿಲ್ಲು ಕೊಡಬೇಕು. ಈ ನಿಯಮ ಮಾಡಿದವರು ಶಾಮಣ್ಣ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದವರು. ಇಲ್ಲಿಯವರೆಗೆ ಅವರು ಸೋತ ದಾಖಲೆ ಇಲ್ಲ.

ಆವತ್ತು ರುದ್ರೇಶ ಬಂದವನೇ ಕುರ್ಚಿ ಎಳೆದು ಕೂತು, "ಈ ಚೀನಾದ ಹಂದಿಗಳಿಗೆ ನನ್ನ ಮೇಲೆ ಏನು ದ್ವೇಷ ಅಂತ" ಅಂದ.

ಅವನದು ಹರಿಹರದ ಕಡೆ ಕೋಳಿ ಫಾರಂ. ಮೊಟ್ಟೆ ಕೋಳಿ, ಏಳು ಸಾವಿರ. ಮೊಟ್ಟೆ ರೇಟು ಇಳಿದಾಗ ದೇವರನ್ನು ಬೈಯುತ್ತಾನೆ, ಫೀಡ್ ರೇಟು ಏರಿದಾಗ ಚೀನಾವನ್ನು ಬೈಯುತ್ತಾನೆ. ಎರಡೂ ಒಟ್ಟಿಗೆ ಆದ ದಿನ ಮಾತಾಡುವುದೇ ಇಲ್ಲ. ಸುಮ್ನೆ ಎರಡು ದೋಸೆ ಜಾಸ್ತಿ ತಿನ್ನುತ್ತಾನೆ.

"ನಿನ್ನ ಕೋಳಿಗೂ ಅವರ ಹಂದಿಗೂ ಏನಪ್ಪ ಸಂಬಂಧ? ಮಧ್ಯೆ ಹಿಮಾಲಯ ಇದೆ" ಅಂದರು ಶಾಮಣ್ಣ.

"ಹಿಮಾಲಯ ಇದ್ದರೇನು? ಎರಡೂ ಒಂದೇ ಮೆಸ್ಸಿನಲ್ಲಿ ಉಣ್ಣುತ್ತವೆ. ನನ್ನ ಕೋಳಿಗೂ ಮೆಕ್ಕೆಜೋಳ, ಸೋಯಾ ಹಿಂಡಿ. ಅವರ ಹಂದಿಗೂ ಮೆಕ್ಕೆಜೋಳ, ಸೋಯಾ ಹಿಂಡಿ. ಪಂಕ್ತಿಯಲ್ಲಿ ನಲವತ್ತು ಕೋಟಿ ಹಂದಿ ಬಂದು ಕೂತರೆ ನನ್ನ ಏಳು ಸಾವಿರ ಕೋಳಿಗೆ ಎಲೆ ಎಲ್ಲಿ ಸಿಗಬೇಕು?"

"ನಲವತ್ತು ಕೋಟಿ?" ಶಾಮಣ್ಣನ ಇಡ್ಲಿ ಅರ್ಧ ದಾರಿಯಲ್ಲಿ ನಿಂತಿತು.

ಸರೋಜಾ ಟೀಚರ್ ಲೆಕ್ಕ ಸರಿ ಮಾಡಿದರು. ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವರು. ಈಗಲೂ ಯಾರಾದರೂ ತಪ್ಪು ಅಂಕಿ ಹೇಳಿದರೆ ಅವರ ಬಲಗೈ ಚಾಕ್‌ಪೀಸ್ ಹುಡುಕುತ್ತದೆ. "ಕೊಟ್ಟಿಗೆಯಲ್ಲಿ ನಿಂತಿರುವುದು ನಲವತ್ತು ಕೋಟಿಗೂ ಮೇಲೆ. ಪ್ರಪಂಚದ ಹಂದಿಗಳಲ್ಲಿ ಸುಮಾರು ಅರ್ಧ ಅಲ್ಲೇ ಇವೆ. ವರ್ಷಕ್ಕೆ ಕಡಿಯುವುದು 70 ಕೋಟಿ. ಇದು 2024ರ ಲೆಕ್ಕ. ಭಾಗಿಸಿ ನೋಡಿ, ಸೆಕೆಂಡಿಗೆ 22."

ಮಂಜ ತನ್ನ ಗಡಿಯಾರ ನೋಡಿದ. ನೋಡಿ ಮುಗಿಸುವಷ್ಟರಲ್ಲಿ ಒಂದು ಇಡೀ ಫಾರಂ ಖಾಲಿಯಾಗಿರಬೇಕು. ಮಂಜನದು ಮೆಕ್ಕೆಜೋಳದ ದಲಾಲಿ ಅಂಗಡಿ. ನಮ್ಮೆಲ್ಲರಿಗಿಂತ ಚಿಕ್ಕವನು, ನಮ್ಮೆಲ್ಲರಿಗಿಂತ ಜಾಸ್ತಿ ದುಡ್ಡಿರುವವನು. ಆದ್ದರಿಂದ ಮಾತು ಕಡಿಮೆ.

"ಅದೇನು ಅಷ್ಟು ಹಂದಿ ಹುಚ್ಚು?" ಅಂದರು ಶಾಮಣ್ಣ.

ಟೀಚರ್ ಬೆರಳನ್ನು ನೀರಿನ ಲೋಟದಲ್ಲಿ ಅದ್ದಿ ಮೇಜಿನ ಮೇಲೆ ಒಂದು ಚಿತ್ರ ಬರೆದರು. ಮೇಲೊಂದು ಚಾವಣಿ. ಕೆಳಗೆ ಬೆನ್ನು, ಕಾಲು, ಬಾಲ ಇರುವ ಏನೋ ಒಂದು. "ಇದು ಚೀನೀ ಭಾಷೆಯಲ್ಲಿ 'ಮನೆ' ಅನ್ನುವ ಅಕ್ಷರ. ಮೇಲಿರುವುದು ಸೂರು. ಕೆಳಗಿರುವುದು ಹಂದಿ."

"ಮನೆಯೊಳಗೆ ಹಂದಿನಾ!" ಶಾಮಣ್ಣ ತಟ್ಟೆಯನ್ನು ಚಿತ್ರದಿಂದ ಅರ್ಧ ಅಡಿ ಈಚೆಗೆ ಎಳೆದುಕೊಂಡರು.

"ನಮ್ಮ ಕೊಡಗಿನಲ್ಲೂ ಮನೆಯೊಳಗೆ ಹಂದಿ ಇರುತ್ತದೆ ಮಾರಾಯ್ರೆ. ಅಕ್ಷರದಲ್ಲಿ ಅಲ್ಲ, ಪಾತ್ರೆಯಲ್ಲಿ. ನಮ್ಮ ಕಡೆಯ ಹುಳಿ, ಕಾಚಂಪುಳಿ ಹಾಕಿ" ಅಂದ ಬೋಪಣ್ಣ. ಅವನು ಮಡಿಕೇರಿ ಕಡೆಯವನು. ಮೆಡಿಕಲ್ ಕಾಲೇಜಿನ ಹತ್ತಿರ ಔಷಧಿ ಅಂಗಡಿ ಇಟ್ಟು ಇಲ್ಲಿಯವನೇ ಆಗಿಬಿಟ್ಟಿದ್ದಾನೆ. ನಾಲಿಗೆ ಮಾತ್ರ ಇನ್ನೂ ಅಲ್ಲೇ ಇದೆ.

ಟೀಚರ್ ಬಿಡಲಿಲ್ಲ. "ನಗಬೇಡಿ. ಅಲ್ಲಿ ಬಹಳ ಕಾಲ ಮಾಂಸ ಅನ್ನುವುದು ಹಬ್ಬದ ಅಡುಗೆ. ರೇಷನ್ ಕೂಪನ್ ಕಾಲದಲ್ಲಿ ಅಷ್ಟಷ್ಟೇ ಸಿಗುತ್ತಿತ್ತು. 1960ರ ದಶಕದ ಶುರುವಿನಲ್ಲಿ ತಲೆಗೆ ವರ್ಷಕ್ಕೆ ನಾಲ್ಕೈದು ಕಿಲೋ. ಈಗ ಅರವತ್ತು ದಾಟಿದೆ. ನಮ್ಮಜ್ಜಿ ಕಾಲದಲ್ಲಿ ಇಲ್ಲಿ ಅನ್ನ ಮಾಡುತ್ತಿದ್ದದ್ದು ಹಬ್ಬಕ್ಕೆ ಮಾತ್ರ, ಮಿಕ್ಕ ದಿನ ರೊಟ್ಟಿ, ಮುದ್ದೆ. ಕೈಯಲ್ಲಿ ನಾಲ್ಕು ಕಾಸು ಆಡಿದಾಗ ನಾವು ಏನು ಮಾಡಿದೆವು? ದಿನಾ ಹಬ್ಬ ಮಾಡಿದೆವು. ಅವರೂ ಅದನ್ನೇ ಮಾಡಿದರು. ಅವರು 140 ಕೋಟಿ ಇದ್ದಾರೆ, ಅಷ್ಟೇ."

ಈ ಮಾತಿಗೆ ಎಲ್ಲರೂ ಒಂದು ಗಳಿಗೆ ಸುಮ್ಮನಾದೆವು. ದೋಸೆ ಬಂತು, ಆದ್ದರಿಂದ ಇನ್ನೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಈ ಸೋಯಾ ವಿಷಯ ನನಗೆ ಮೊದಲಿಂದ ತಲೆಗೆ ಹತ್ತಿರಲಿಲ್ಲ. ಸೋಯಾ ಅಂದರೆ ಎಣ್ಣೆ ಅಂದುಕೊಂಡಿದ್ದೆ. ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತದಲ್ವಾ? ಹಾಗಂತ ಕೇಳಿದೆ ಕೂಡ.

"ನೂರು ಕಿಲೋ ಕಾಳು ಹಿಂಡಿದರೆ ಎಣ್ಣೆ ಬರುವುದು ಹದಿನೆಂಟೋ ಹತ್ತೊಂಬತ್ತೋ ಕಿಲೋ" ಅಂದ ರುದ್ರೇಶ. "ಎಂಬತ್ತರ ಹತ್ತಿರ ಹಿಂಡಿ. ನೀವು ಎಣ್ಣೆ ಮುಖ್ಯ ಅಂದುಕೊಂಡಿದ್ದೀರಿ. ಹಂದಿ ದೃಷ್ಟಿಯಲ್ಲಿ ಎಣ್ಣೆ ಸುಮ್ನೆ ಸಿಗುವ ಉಪ ಪದಾರ್ಥ."

ಹಂದಿ ದೃಷ್ಟಿಯಲ್ಲಿ ಆರ್ಥಿಕತೆ ನೋಡುವ ಅಭ್ಯಾಸ ನನಗೆ ಇರಲಿಲ್ಲ. ನೋಡಿದರೆ ಎಲ್ಲಾ ಬೇರೆಯಾಗಿಯೇ ಕಾಣುತ್ತದೆ. ಸೋಯಾ ಹುಟ್ಟಿದ ನಾಡೇ ಚೀನಾ. ಸಾವಿರಾರು ವರ್ಷದಿಂದ ಅಲ್ಲಿ ಬೆಳೆಯುತ್ತಾರೆ. ತೊಂಬತ್ತರ ದಶಕದ ನಡುವಿನವರೆಗೆ ಹೊರಗೂ ಮಾರುತ್ತಿದ್ದರು. ಈಗ ಅವರು ಬೆಳೆಯುವುದು ವರ್ಷಕ್ಕೆ 2 ಕೋಟಿ ಟನ್. ಹೊರಗಿಂದ ತರಿಸುವುದು 2024ರಲ್ಲಿ ಹತ್ತೂವರೆ ಕೋಟಿ ಟನ್. ಪ್ರಪಂಚದಲ್ಲಿ ಹಡಗು ಹತ್ತುವ ಸೋಯಾದಲ್ಲಿ ನೂರಕ್ಕೆ ಅರವತ್ತು ಪಾಲು ಚೀನಾದ ಬಂದರಿಗೇ ಹೋಗುತ್ತದೆ. ತವರಿನ ಕಾಳನ್ನು ಬ್ರೆಜಿಲ್‌ನಿಂದ ಕೊಂಡು ತರುವುದು! ನಮ್ಮವರು ಬೆಂಗಳೂರಿನ ಮಾಲ್‌ನಲ್ಲಿ ದುಡ್ಡು ಕೊಟ್ಟು ಸಗಣಿ ಬೆರಣಿ ಕೊಳ್ಳುವ ಹಾಗೆ.

"ನಾವೇ ಕೊಡಬಹುದಲ್ಲ? ಪಕ್ಕದ ಮನೆ" ಅಂದರು ಶಾಮಣ್ಣ.

ಮಂಜ ನಕ್ಕ. "ನಾವು ಕಳಿಸುತ್ತಿದ್ದೆವು, ಕಾಳಲ್ಲ, ಹಿಂಡಿ. 2012ರಲ್ಲಿ ಸರಿ ಇಲ್ಲ ಅಂತ ಬಾಗಿಲು ಹಾಕಿದರು. 2018ರಲ್ಲಿ ಅಮೆರಿಕದ ಜೊತೆ ಜಗಳ ಶುರುವಾದ ಮೇಲೆ ನಮ್ಮ ನೆನಪಾಯಿತು. ಭಾರತದ ಸೋಯಾಗೆ ಸುಂಕ ಸೊನ್ನೆ ಮಾಡಿದರು, ಸಾಸಿವೆ ಹಿಂಡಿಗೆ ಬಾಗಿಲು ತೆಗೆದರು. ಆದರೆ ನಮ್ಮ ಹತ್ತಿರ ಇರುವುದೆಷ್ಟು? ಬೀದರ್, ಬೆಳಗಾವಿ, ಮಧ್ಯಪ್ರದೇಶ, ಮಹಾರಾಷ್ಟ್ರ ಎಲ್ಲಾ ಸೇರಿ ವರ್ಷಕ್ಕೆ 120 ಲಕ್ಷ ಟನ್ ಆಸುಪಾಸು. ಅದು ಅವರಿಗೆ ಒಂದೂವರೆ ತಿಂಗಳಿಗೂ ಸಾಲುವುದಿಲ್ಲ. ಅವರು ಹಸಿವಾಗಿದೆ ಅಂತ ಬಂದಿದ್ದಾರೆ, ನಾವು ಪ್ರಸಾದದ ಹಾಗೆ ಅಂಗೈಗೆ ಹಾಕುತ್ತಿದ್ದೇವೆ."

ಅಮೆರಿಕದ ಜಗಳ ಅಂದ ತಕ್ಷಣ ಬೋಪಣ್ಣನ ಮುಖ ಅರಳಿತು. ಅವನಿಗೆ ಪ್ರಿಯವಾದ ಕತೆ ಅದು. ನಾಲ್ಕು ಸಲ ಹೇಳಿದ್ದಾನೆ, ಐದನೇ ಸಲವೂ ಕೇಳಿದೆವು.

2018ರ ಜೂನ್‌ನಲ್ಲಿ ಅಮೆರಿಕದ ಸಿಯಾಟಲ್‌ನಿಂದ ಪೀಕ್ ಪೆಗಾಸಸ್ ಅನ್ನುವ ಹಡಗು 70 ಸಾವಿರ ಟನ್ ಸೋಯಾ ತುಂಬಿಕೊಂಡು ಚೀನಾದ ದಾಲಿಯನ್ ಬಂದರಿಗೆ ಹೊರಟಿತು. ಅದು ಸಮುದ್ರದ ನಡುವೆ ಇರುವಾಗ ಎರಡೂ ದೇಶಗಳು ಸುಂಕದ ಸಮರ ಸಾರಿದವು. ಜುಲೈ 6ರಿಂದ ಅಮೆರಿಕದ ಸೋಯಾಗೆ ಶೇ 25 ಹೆಚ್ಚುವರಿ ಸುಂಕ ಅಂದಿತು ಚೀನಾ. ಹಡಗು ಗಡುವಿನೊಳಗೆ ಮುಟ್ಟಬೇಕು ಅಂತ ಬಿದ್ದಂಬೀಳ ಓಡಿತು. ಚೀನಾದ ಜನ ಮೊಬೈಲಿನಲ್ಲಿ ಅದರ ದಾರಿ ನೋಡುತ್ತಾ, ಕ್ರಿಕೆಟ್ಟಿನ ಕೊನೇ ಓವರಿನ ಹಾಗೆ ಹುರಿದುಂಬಿಸಿದರು. ಬಂತು ಹಡಗು. ಅದೇ ಜುಲೈ 6ಕ್ಕೆ. ಕೆಲವೇ ಗಂಟೆ ತಡ.

"ಆಮೇಲೆ?" ಹೋಟೆಲಿನ ಬಸಣ್ಣ ಕೇಳಿದ. ಕೈಯಲ್ಲಿ ಸಾಂಬಾರ್ ಬಕೆಟ್ಟು. ಶಾಮಣ್ಣನ ತಟ್ಟೆಗೆ ಎರಡನೇ ಸಲ ಸುರಿಯಲು ಬಂದವನು ಕತೆಗೆ ಸಿಕ್ಕಿಕೊಂಡಿದ್ದ.

"ಆಮೇಲೆ ಏನು? ಸುಂಕ ಕಟ್ಟಲು ಮನಸ್ಸಿಲ್ಲ, ವಾಪಸ್ ಹೋಗಲೂ ಆಗುವುದಿಲ್ಲ. ಬಂದರಿನ ಹೊರಗೆ ಸಮುದ್ರದಲ್ಲಿ ಗೋಲ ಗೋಲ ಸುತ್ತುತ್ತಾ ನಿಂತಿತು. ಒಂದು ದಿನ, ಎರಡು ದಿನ ಅಲ್ಲ, ತಿಂಗಳ ಮೇಲೆ! ಈಗ ರಾಜಿಯಾಗುತ್ತದೆ, ನಾಳೆ ರಾಜಿಯಾಗುತ್ತದೆ ಅಂತ. ಕೊನೆಗೆ ಆಗಸ್ಟ್‌ನಲ್ಲಿ ಚೀನಾದ ಸರ್ಕಾರಿ ದಾಸ್ತಾನು ಕಂಪನಿಯೇ ಸುಂಕ ಕಟ್ಟಿ ಇಳಿಸಿಕೊಂಡಿತು."

"ಸರ್ಕಾರವೇ ಸುಂಕ ಹಾಕಿ, ಸರ್ಕಾರದ ಕಂಪನಿಯೇ ಕಟ್ಟಿತಾ?" ಬ್ಯಾಂಕಿನ ಮನುಷ್ಯ ಶಾಮಣ್ಣನಿಗೆ ಇದು ಬಹಳ ಹಿಡಿಸಿತು. "ಬಲ ಜೇಬಿಂದ ಎಡ ಜೇಬಿಗೆ. ಶುದ್ಧ ಬುಕ್ ಎಂಟ್ರಿ."

ಈ ಜಗಳದಲ್ಲಿ ಪಾಪ ಅನ್ನಿಸುವುದು ಅಮೆರಿಕದ ರೈತರು. ಅಯೋವಾ, ಇಲಿನಾಯ್ ಕಡೆ ಕಣಜ ತುಂಬಿ ಕೊಳ್ಳುವವರಿಲ್ಲದೆ ಕೂತರು. ಅಲ್ಲಿನ ಸರ್ಕಾರ 2018 ಮತ್ತು 2019ರಲ್ಲಿ ರೈತರಿಗೆ ಘೋಷಿಸಿದ ಪರಿಹಾರವೇ 28 ಬಿಲಿಯನ್ ಡಾಲರ್. 2025ರಲ್ಲಿ ಮತ್ತೆ ಅದೇ ಪಾಡು. ಆ ಸೆಪ್ಟೆಂಬರ್‌ನಲ್ಲಿ ಚೀನಾಕ್ಕೆ ಇಳಿದ ಅಮೆರಿಕದ ಸೋಯಾ ಎಷ್ಟು ಗೊತ್ತಾ? ಸೊನ್ನೆ. ಅಕ್ಟೋಬರ್ 30ಕ್ಕೆ ಕೊರಿಯಾದ ಬುಸಾನ್‌ನಲ್ಲಿ ಟ್ರಂಪ್, ಷಿ ಜಿನ್‌ಪಿಂಗ್ ಕೂತು ಮಾತಾಡಿದ ಮೇಲೆ, ಮುಂದಿನ ಮೂರು ವರ್ಷ ಚೀನಾ ವರ್ಷಕ್ಕೆ ಎರಡೂವರೆ ಕೋಟಿ ಟನ್ ಕೊಳ್ಳುತ್ತದೆ ಅಂತ ಅಮೆರಿಕ ಹೇಳಿತು. ಅಣುಬಾಂಬ್ ಇಟ್ಟುಕೊಂಡಿರುವ ಇಬ್ಬರು ಹಂದಿ ಮೇವಿನ ಬಗ್ಗೆ ಚೌಕಾಸಿ ಮಾಡುವುದು! ನಮ್ಮ ಮಂಡಿಯಲ್ಲಿ ಟವೆಲ್ ಮುಚ್ಚಿ ಬೆರಳು ಹಿಡಿದು ರೇಟು ಮಾತಾಡುತ್ತಿದ್ದ ಹಿರಿಯರನ್ನು ಕಳಿಸಿದ್ದರೆ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದರು.

ಇಬ್ಬರ ಜಗಳದಲ್ಲಿ ಲಾಭ ಆದದ್ದು ಬ್ರೆಜಿಲ್‌ಗೆ. ಚೀನಾ ತರಿಸುವ ಸೋಯಾದಲ್ಲಿ ನೂರಕ್ಕೆ ಎಪ್ಪತ್ತು ಈಗ ಅಲ್ಲಿಂದ. ಮಾತೊ ಗ್ರೊಸ್ಸೊ ಅನ್ನುವ ಒಂದು ರಾಜ್ಯವಿದೆ. ಆ ಹೆಸರಿಗೆ ದಟ್ಟ ಕಾಡು ಅಂತ ಅರ್ಥ. ಈಗ ಹೋದರೆ ಕಣ್ಣು ಹಾಯುವವರೆಗೆ ಸೋಯಾ. ಹೆಸರು ಮಾತ್ರ ಕಾಡು. ನಮ್ಮ ಬಡಾವಣೆಗಳಿಗೆ 'ಮಾವಿನತೋಪು' ಅಂತ ಇಡುವುದಿಲ್ಲವಾ, ಹಾಗೆ.

"ಇರಲಿ. ಹಂದಿ ಬೆಳೆಸಿದರು, ಮೇವು ತರಿಸಿದರು. ನಿನಗೆ ತೊಂದರೆ ಆದದ್ದು ಯಾವಾಗ?" ಶಾಮಣ್ಣ ರುದ್ರೇಶನನ್ನು ಮತ್ತೆ ಕಟಕಟೆಗೆ ಎಳೆದರು.

"2021. ಸೋಯಾ ಹಿಂಡಿ ಎರಡು ಪಟ್ಟಿಗೂ ಜಾಸ್ತಿ ಆಯಿತು. ಕಿಲೋಗೆ ನೂರರ ಹತ್ತಿರ. ನನ್ನ ಹೆಂಡತಿ ಬಳೆ ಬ್ಯಾಂಕಿಗೆ ಹೋಯಿತು. ನಿಮ್ಮ ಬ್ಯಾಂಕಿಗೇ." 

ಶಾಮಣ್ಣ ಚಟ್ನಿ ಕಡೆ ನೋಡಿದರು.

ಇಲ್ಲಿ ಕತೆ ಮೂರು ವರ್ಷ ಹಿಂದಕ್ಕೆ ಹೋಗಬೇಕು. 2018ರ ಆಗಸ್ಟ್‌ನಲ್ಲಿ ಚೀನಾದ ಶೆನ್ಯಾಂಗ್ ಊರಿನ ಒಂದು ಫಾರಂನಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿತು. ಮನುಷ್ಯರಿಗೆ ಏನೂ ಮಾಡದ ರೋಗ, ಹಂದಿಗೆ ಬಂದರೆ ಉಳಿಯುವುದೇ ಅಪರೂಪ. ಒಂದು ವರ್ಷದಲ್ಲಿ ದೇಶದ ಹಂದಿಗಳಲ್ಲಿ ನೂರಕ್ಕೆ ನಲವತ್ತು ಮಾಯ. ಸತ್ತವು ಕೆಲವು, ರೋಗಕ್ಕೆ ಹೆದರಿ ಕಡಿದವು ಕೆಲವು. 2018ರಲ್ಲಿ 5 ಕೋಟಿ 40 ಲಕ್ಷ ಟನ್ ಇದ್ದ ಹಂದಿ ಮಾಂಸ 2019ರಲ್ಲಿ 4 ಕೋಟಿ 25 ಲಕ್ಷಕ್ಕೆ ಇಳಿಯಿತು. ಅವರ ಪಂಚಾಂಗದಲ್ಲಿ ಆ ವರ್ಷದ ಹೆಸರೇನು ಗೊತ್ತಾ? ಹಂದಿ ವರ್ಷ. ವಿಧಿ ಇಷ್ಟು ಒರಟಾಗಿ ತಮಾಷೆ ಮಾಡಬಾರದು.

ನವೆಂಬರ್ ಹೊತ್ತಿಗೆ ಹಂದಿ ಮಾಂಸದ ಬೆಲೆ ಹಿಂದಿನ ವರ್ಷದ ಎರಡು ಪಟ್ಟು ದಾಟಿತು. ನಮ್ಮಲ್ಲಿ ಈರುಳ್ಳಿ ಏರಿದರೆ ಮಂತ್ರಿಗಳಿಗೆ ನಿದ್ದೆ ಬರುವುದಿಲ್ಲ. 1998ರಲ್ಲಿ ಅದು ದೆಹಲಿ ಸರ್ಕಾರವನ್ನೇ ಅಲ್ಲಾಡಿಸಿತ್ತು. ಅವರಿಗೆ ಹಂದಿಯೇ ಈರುಳ್ಳಿ. ಬೆಲೆ ಏರಿಕೆ ಅಳೆಯುವ ಅವರ ಸೂಚ್ಯಂಕವನ್ನು ಜನ 'ಹಂದಿ ಸೂಚ್ಯಂಕ' ಅಂತ ಗೇಲಿ ಮಾಡುತ್ತಾರಂತೆ. ಅಲ್ಲಿ ಸರ್ಕಾರ ಫ್ರೀಜರಿನಲ್ಲಿ ಹಂದಿ ಮಾಂಸದ ದಾಸ್ತಾನು ಇಟ್ಟಿರುತ್ತದೆ. ತೈಲ ಸಂಗ್ರಹ ಇಟ್ಟ ಹಾಗೆ. 2019ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಹಬ್ಬದ ಮುಂಚೆ 10 ಸಾವಿರ ಟನ್ ಹೊರಗೆ ತೆಗೆದು ಹರಾಜು ಹಾಕಿದರು. ಹತ್ತು ಸಾವಿರ ಟನ್ ಅಂದರೆ ನಮಗೆ ಬೆಟ್ಟ. ಅವರಿಗೆ ಅದು ಎರಡು ಗಂಟೆ ಊಟ.

ಆಗ ಅವರು ಪ್ರಪಂಚದ ಎಲ್ಲಾ ಕಟುಕರ ಬಾಗಿಲು ತಟ್ಟಿದರು. ಸ್ಪೇನ್, ಬ್ರೆಜಿಲ್, ಅಮೆರಿಕ. ದನದ ಮಾಂಸ, ಕೋಳಿ, ಸಿಕ್ಕಿದ್ದೆಲ್ಲ.

"ಕೋಳಿ ಕಾಲು ಕೂಡ" ಅಂದ ರುದ್ರೇಶ. ಅವನ ದನಿ ನಡುಗಿತು. "ನಮ್ಮಲ್ಲಿ ಚಿಕನ್ ಅಂಗಡಿಯವರು ನಾಯಿಗೆ ಎಸೆಯುತ್ತಾರಲ್ಲ, ಆ ಪಾದ! ಅದಕ್ಕೆ ಅವರಲ್ಲಿ ಫೀನಿಕ್ಸ್ ಹಕ್ಕಿಯ ಉಗುರು ಅಂತ ಹೆಸರು. ಅಮೆರಿಕದ ಕೋಳಿಗೆ 2015ರಿಂದ ನಿಷೇಧ ಇತ್ತು. 2019ರ ನವೆಂಬರ್‌ನಲ್ಲಿ ತೆಗೆದರು. ತೆಗೆದದ್ದೇ ತಡ, ಅಲ್ಲಿಯವರು ಹಡಗುಗಟ್ಟಲೆ ಪಾದ ಕಳಿಸಿದರು. ನನ್ನ ಹತ್ತಿರ ಏಳು ಸಾವಿರ ಕೋಳಿ ಇದೆ, ಅಂದರೆ ಹದಿನಾಲ್ಕು ಸಾವಿರ ಪಾದ..."

"ನಿನ್ನದು ಮೊಟ್ಟೆ ಕೋಳಿ. ಪಾದ ಕಳಿಸಿದರೆ ಮೊಟ್ಟೆ ಕೂತು ಇಡಬೇಕಾ, ಮಲಗಿ ಇಡಬೇಕಾ?" ಅಂದ ಮಂಜ.

ಯುರೋಪಿನವರದೂ ಇದೇ ಲೆಕ್ಕ. ಹಂದಿಯ ತೊಡೆ ತಾವು ತಿನ್ನುತ್ತಾರೆ. ಕಿವಿ, ಮೂತಿ, ಕಾಲು, ಕರುಳು ತಿನ್ನುವವರು ಅಲ್ಲಿ ಕಡಿಮೆ, ಅದನ್ನು ಚೀನಾ ಒಳ್ಳೇ ಬೆಲೆಗೆ ಕೊಳ್ಳುತ್ತದೆ. ಹಾಗಾಗಿ 2024ರ ಜೂನ್‌ನಲ್ಲಿ ಯುರೋಪು ಚೀನಾದ ಎಲೆಕ್ಟ್ರಿಕ್ ಕಾರಿಗೆ ಸುಂಕ ಹಾಕುತ್ತೇವೆ ಅಂದ ಕೂಡಲೇ ಚೀನಾ ಯುರೋಪಿನ ಹಂದಿ ಮಾಂಸದ ಮೇಲೆ ತನಿಖೆ ಶುರು ಮಾಡಿತು. ನೀನು ನನ್ನ ಕಾರು ಮುಟ್ಟಿದರೆ ನಾನು ನಿನ್ನ ಹಂದಿ ಕಿವಿ ಹಿಂಡುತ್ತೇನೆ! ಸ್ಪೇನಿನ ಹಂದಿ ಸಾಕುವವರಿಗೆ ಬ್ಯಾಟರಿ ಬಗ್ಗೆ ಓದುವ ಪರಿಸ್ಥಿತಿ ಬಂತು.

"ಇಷ್ಟರಲ್ಲಿ ನನ್ನ ಕತೆ ಬಿಟ್ಟುಹೋಯಿತು" ಅಂದ ರುದ್ರೇಶ.

ಅವನ ಕತೆ ಹೀಗೆ. ಜ್ವರ ಬಂದದ್ದರಲ್ಲಿ ದೊಡ್ಡ ತಪ್ಪು ಹೋಟೆಲ್ ಮುಸುರೆಯದು ಅಂತ ಪತ್ತೆಯಾಯಿತು. ಅಲ್ಲಿಯವರೆಗೆ ಹಳ್ಳಿಯ ಹಂದಿಗಳು ನಮ್ಮ ಎಮ್ಮೆಗಳ ಹಾಗೆ. ಮನೆಯ ಕಲಗಚ್ಚು, ಉಳಿದ ಪಳಿದದ್ದು ತಿಂದು ಬೆಳೆಯುತ್ತಿದ್ದವು. ಮುಸುರೆಯಲ್ಲಿ ರೋಗದ ಮಾಂಸದ ಚೂರು ಇದ್ದರೆ ರೋಗ ಹಬ್ಬುತ್ತದೆ. ಸರ್ಕಾರ ಮುಸುರೆ ಹಾಕುವುದನ್ನೇ ನಿಷೇಧಿಸಿತು. ಸಣ್ಣ ಸಾಕಣೆದಾರರು ಕೈಬಿಟ್ಟರು, ದೊಡ್ಡ ಕಂಪನಿಗಳು ಬಂದವು. 2020, 2021ರಲ್ಲಿ ಹಂದಿಗಳು ಮತ್ತೆ ತುಂಬಿದವು. ಆದರೆ ಹೊಸ ಹಂದಿಗಳು ಕಲಗಚ್ಚು ಕುಡಿಯುವ ಹಂದಿಗಳಲ್ಲ. ಲೆಕ್ಕ ಹಾಕಿ ಕಲೆಸಿದ ಫೀಡ್ ತಿನ್ನುವ ಹಂದಿಗಳು.

"ನಮ್ಮ ಮಕ್ಕಳ ಹಾಗೆ. ರೊಟ್ಟಿ ಬೇಡ, ಪಿಜ್ಜಾ ಬೇಕು" ಅಂದರು ಟೀಚರ್.

ಮೆಕ್ಕೆಜೋಳದ ವಿಷಯ ಬಂದಾಗ ಮಂಜನ ಬಾಯಿ ತೆರೆಯಿತು. ಚೀನಾದಲ್ಲಿ ಕಡಿಮೆ ಸುಂಕದಲ್ಲಿ ತರಿಸುವ ಮೆಕ್ಕೆಜೋಳಕ್ಕೆ ವರ್ಷಕ್ಕೆ 72 ಲಕ್ಷ ಟನ್ ಮಿತಿ. ಎಷ್ಟೋ ವರ್ಷ ಅದನ್ನು ಅವರು ಮುಟ್ಟಿರಲೇ ಇಲ್ಲ. 2020ರಲ್ಲಿ ಒಂದು ಕೋಟಿ ದಾಟಿದರು. 2021ರಲ್ಲಿ 2 ಕೋಟಿ 83 ಲಕ್ಷ. ಪ್ರಪಂಚದ ಜೋಳ, ಸೋಯಾದ ರೇಟು ನೋಡುವ ಶಿಕಾಗೋದ ಪೇಟೆ ಬುಡಮೇಲು. ಆ ವರ್ಷ ನಮ್ಮ ಸರ್ಕಾರವೂ ಕೋಳಿ ಸಾಕುವವರ ಗೋಳು ನೋಡಲಾರದೆ 12 ಲಕ್ಷ ಟನ್ ಸೋಯಾ ಹಿಂಡಿ ಹೊರಗಿಂದ ತರಿಸಲು ಒಪ್ಪಿತು. ಕುಲಾಂತರಿ ಸೋಯಾದ ಹಿಂಡಿ. ಹಿಂದೆಂದೂ ಒಪ್ಪಿರಲಿಲ್ಲ.

"ಎಲ್ಲಾ ಚೀನಾ ತಲೆಗೇ ಕಟ್ಟಬೇಡ" ಅಂತ ಟೀಚರ್ ರುದ್ರೇಶನಿಗೂ ಒಂದು ಕೊಟ್ಟರು. "ಆ ವರ್ಷ ನಮ್ಮಲ್ಲೂ ಸರಕು ಕಡಿಮೆ ಇತ್ತು. ಈಗ ನೋಡು, ಮೆಕ್ಕೆಜೋಳ ಎಥೆನಾಲ್‌ಗೆ ಹೋಗುತ್ತಿದೆ. 2025ರ ಕೊನೆಗೆ ಇದೇ ಹಾವೇರಿ, ಗದಗ ಕಡೆ ಬೆಂಬಲ ಬೆಲೆ 2,400 ಇದ್ದರೂ ಮಂಡಿಯಲ್ಲಿ 1,600, 1,800ಕ್ಕೆ ಕೇಳಿದರು ಅಂತ ರೈತರು ರಸ್ತೆಗೆ ಇಳಿದರು. ಅದಕ್ಕೂ ಹಂದಿನೇ ಕಾರಣವಾ?"

ಮಂಜ ತಕ್ಷಣ ಮೌನಕ್ಕೆ ವಾಪಸಾದ. 1,600ಕ್ಕೆ ಕೇಳಿದವರು ಯಾರು ಅನ್ನುವ ಪ್ರಶ್ನೆ ಆ ಮೇಜಿನ ಮೇಲೆ ಸ್ವಲ್ಪ ಹೊತ್ತು ಕೂತಿತ್ತು.

ಹಂದಿ ಕತೆಯ ಕೊನೆ ಕೋಲಾರದ ಟೊಮೆಟೊ ಕತೆಯೇ. ಬೆಲೆ ಬಂತು ಅಂತ ಎಲ್ಲರೂ ಸಾಕಿದರು. 2021ರ ಶುರುವಿನಲ್ಲಿದ್ದ ಬೆಲೆ ಅಕ್ಟೋಬರ್ ಹೊತ್ತಿಗೆ ಮೂರನೇ ಒಂದು ಭಾಗಕ್ಕೆ ಬಿತ್ತು. ನೂರು ವರ್ಷದ ಹಿಂದೆಯೇ ಜರ್ಮನಿಯ ಆರ್ಥರ್ ಹಾನೌ ಅನ್ನುವವರು ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಅರ್ಥಶಾಸ್ತ್ರದಲ್ಲಿ ಇದರ ಹೆಸರೇ 'ಹಂದಿ ಚಕ್ರ'. ರೈತರು ಮಾತ್ರ ಎಲ್ಲೂ ಅರ್ಥಶಾಸ್ತ್ರ ಓದುವುದಿಲ್ಲ, ಪಕ್ಕದ ಹೊಲ ನೋಡುತ್ತಾರೆ.

ಎಲ್ಲರೂ ಬಿದ್ದಿಲ್ಲ. ಹೆನಾನ್ ಪ್ರಾಂತ್ಯದ ಚಿನ್ ಯಿಂಗ್‌ಲಿನ್ 1992ರಲ್ಲಿ 22 ಹಂದಿಯಿಂದ ಶುರು ಮಾಡಿದ್ದು. ಅವರ ಮುಯುವಾನ್ ಕಂಪನಿ 2024ರಲ್ಲಿ ಮಾರಿದ್ದು 7 ಕೋಟಿ ಹಂದಿ.

"ನಾನೂ 1992ರಲ್ಲೇ ಶುರು ಮಾಡಿದ್ದು. ಇನ್ನೂರು ಕೋಳಿಯಿಂದ" ಅಂದ ರುದ್ರೇಶ. "ಅವರದು ಏಳು ಕೋಟಿ, ನನ್ನದು ಏಳು ಸಾವಿರ. ಏಳು ಅಂತೂ ಹೊಂದುತ್ತದೆ."

ಇನ್ನೊಂದು ವಿಷಯ ಹೇಳದೆ ಇರಲಾರೆ. ಹುಬೆ ಪ್ರಾಂತ್ಯದ ಎಝೌನಲ್ಲಿ ಹಂದಿಗಳಿಗೆ 26 ಮಹಡಿಯ ಕಟ್ಟಡ ಕಟ್ಟಿದ್ದಾರೆ. ಕಟ್ಟಿದವರು ಮೊದಲು ಸಿಮೆಂಟ್ ವ್ಯಾಪಾರದವರು. ಹಂದಿಗಳು ಲಿಫ್ಟಿನಲ್ಲಿ ಓಡಾಡುತ್ತವೆ. ಮೇವು ಬೆಲ್ಟಿನ ಮೇಲೆ ತುದಿಗೆ ಹೋಗಿ ಅಲ್ಲಿಂದ ಪ್ರತಿ ಮಹಡಿಗೂ ಇಳಿಯುತ್ತದೆ. ನನ್ನ ಮಗ ಬೆಂಗಳೂರಿನಲ್ಲಿ ಹನ್ನೊಂದನೇ ಮಹಡಿಯಲ್ಲಿದ್ದಾನೆ. ಲಿಫ್ಟು ಕೆಟ್ಟರೆ ಮೂರು ದಿನ ರಿಪೇರಿ ಇಲ್ಲ, ಊಟ ಡೆಲಿವರಿ ಹುಡುಗ ಗೇಟಿನಲ್ಲೇ ಇಟ್ಟು ಹೋಗುತ್ತಾನೆ. ಇದನ್ನು ಅವನಿಗೆ ಹೇಳಿದೆ. "ಅಲ್ಲಿ ಮೇಂಟೆನೆನ್ಸ್ ಚಾರ್ಜ್ ಎಷ್ಟಂತೆ?" ಅಂತ ಕೇಳಿದ.

ಅಷ್ಟು ಹೊತ್ತು ತಡೆದುಕೊಂಡಿದ್ದ ಶಾಮಣ್ಣ ಈಗ ತೀರ್ಪಿಗೆ ನಿಂತರು. ಗಂಟಲು ಸರಿ ಮಾಡಿಕೊಂಡರು. "ನೋಡಿ, ಇದೆಲ್ಲ ನಾಲಿಗೆ ಚಪಲದ ಫಲ. ಅವರ ಒಂದು ಚಪಲಕ್ಕೆ ಬ್ರೆಜಿಲ್‌ನ ಕಾಡು ಹೋಯಿತು, ಅಮೆರಿಕದ ರೈತ ಹೋದ, ನಮ್ಮ ರುದ್ರೇಶನ ಬಳೆ ಹೋಯಿತು. ನಾನು ಜೀವನದಲ್ಲಿ ಒಂದು ತುಂಡು ಮಾಂಸ ಮುಟ್ಟಿಲ್ಲ. ಹಂದಿಗೂ ನನಗೂ ಏನೂ ಸಂಬಂಧ ಇಲ್ಲ. ನನ್ನ ಊಟದಿಂದ ಪ್ರಪಂಚದಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡಿಲ್ಲ."

ಬೋಪಣ್ಣ ಕಾಫಿ ಲೋಟ ಮೆಲ್ಲಗೆ ಕೆಳಗಿಟ್ಟ. "ಶಾಮಣ್ಣ, ನಿಮಗೆ ಬೈಪಾಸ್ ಆಗಿ ಎಷ್ಟು ವರ್ಷ ಆಯಿತು?"

"ಆರು. ಯಾಕೆ?"

"ಆಗ ರಕ್ತ ಹೆಪ್ಪುಗಟ್ಟಬಾರದು ಅಂತ ಇಂಜೆಕ್ಷನ್ ಕೊಟ್ಟಿರುತ್ತಾರೆ. ಹೆಪಾರಿನ್."

"ಕೊಟ್ಟಿದ್ದರು. ಬಿಲ್ಲು ಇನ್ನೂ ಇಟ್ಟಿದ್ದೇನೆ."

"ಅದನ್ನು ಮಾಡುವುದು ಸಾಮಾನ್ಯವಾಗಿ ಹಂದಿ ಕರುಳಿನ ಒಳಪೊರೆಯಿಂದ. ಅದರ ಕಚ್ಚಾ ಸರಕಿನ ದೊಡ್ಡ ಪಾಲು ಚೀನಾದ್ದು. 2019ರಲ್ಲಿ ಹಂದಿ ಸತ್ತಾಗ ಹೆಪಾರಿನ್ ಸಿಗುತ್ತದೋ ಇಲ್ಲವೋ ಅಂತ ಅಮೆರಿಕದ ಸಂಸದರೇ ಆತಂಕಪಟ್ಟಿದ್ದರು."

ಶಾಮಣ್ಣ ಎದೆಯ ಮೇಲೆ ಕೈ ಇಟ್ಟುಕೊಂಡರು. ನೋವಿಗಲ್ಲ. ಒಳಗೆ ಯಾರಿದ್ದಾರೆ ಅಂತ ನೋಡುವವರ ಹಾಗೆ. "ಔಷಧಕ್ಕೆ ದೋಷವಿಲ್ಲ" ಅಂದರು ಕೊನೆಗೆ. ಅವರ ದನಿಯಲ್ಲಿ ಮ್ಯಾನೇಜರ್ ಸ್ವಲ್ಪ ಕಡಿಮೆಯಾಗಿದ್ದ. "ಆದರೆ ಊಟ? ಊಟದ ಮಾತು ಹೇಳಿ."

ಬಸಣ್ಣ ಮೂರನೇ ಸಲ ಸಾಂಬಾರ್ ಸುರಿದು ಹೋದ. ಟೀಚರ್ ಆ ತಟ್ಟೆಯನ್ನೇ ನೋಡುತ್ತಿದ್ದರು.

"ಶಾಮಣ್ಣ, ಆ ಬೇಳೆ ಯಾವ ಊರಿನದು?"

"ತೊಗರಿ ಅಂದರೆ ಕಲಬುರಗಿ. ಇನ್ನೇನು?"

"ಒಳ್ಳೇದು. ಕಲಬುರಗಿಯದ್ದೇ ಇರಬಹುದು. ಆದರೆ ಇಡೀ ದೇಶಕ್ಕೆ ಅದು ಸಾಲುವುದಿಲ್ಲ. ಮ್ಯಾನ್ಮಾರ್, ತಾಂಜಾನಿಯಾ, ಮೊಜಾಂಬಿಕ್‌ನಿಂದ ಬರುತ್ತದೆ. ಮೊಜಾಂಬಿಕ್‌ನಲ್ಲಿ ತೊಗರಿ ಬೆಳೆಯುವುದೇ ಹೆಚ್ಚಾಗಿ ನಮಗೋಸ್ಕರ. 2016ರಲ್ಲಿ ಬೆಲೆ ಏರಿದಾಗ ನಾವೇ ಹೋಗಿ ಒಪ್ಪಂದ ಮಾಡಿಕೊಂಡೆವು. ನೀವು ಬೆಳೆಯಿರಿ, ನಾವು ಕೊಳ್ಳುತ್ತೇವೆ, ವರ್ಷಕ್ಕೆ 2 ಲಕ್ಷ ಟನ್‌ವರೆಗೆ ಅಂತ. ಅವರು ಬೆಳೆದರು. ಮರುವರ್ಷ ನಮ್ಮಲ್ಲೂ ಭರ್ಜರಿ ಬೆಳೆ ಬಂತು. 2017ರ ಆಗಸ್ಟ್‌ನಲ್ಲಿ ನಾವು ತೊಗರಿ ಆಮದಿಗೆ ಮಿತಿ ಹಾಕಿದೆವು. ಅಲ್ಲಿ ಬೆಲೆ ಪಾತಾಳಕ್ಕೆ ಹೋಯಿತು. ಅದೇ ವರ್ಷ ಬಟಾಣಿಗೆ ಶೇ 50 ಸುಂಕ ಹಾಕಿದೆವು, ಕೆನಡಾದ ರೈತರು ತಲೆ ಮೇಲೆ ಕೈ ಹೊತ್ತರು. ಈಗ ಜನಸಂಖ್ಯೆಯಲ್ಲಿ ಚೀನಾಕ್ಕಿಂತ ನಾವೇ ಮುಂದೆ. ಅವರಿಗೆ ಹಂದಿ, ನಮಗೆ ಬೇಳೆ."

"ಅಂದರೆ..." ಶಾಮಣ್ಣನ ಚಮಚ ಸಾಂಬಾರಿನಲ್ಲಿ ನಿಂತಿತ್ತು.

"ಅಂದರೆ ಮೊಜಾಂಬಿಕ್‌ನಲ್ಲಿ ಯಾವುದೋ ಒಂದು ಹೋಟೆಲಿನಲ್ಲಿ ಒಬ್ಬ ರೈತ ಕುರ್ಚಿ ಎಳೆದು ಕೂತು, 'ಈ ದಾವಣಗೆರೆ ಶಾಮಣ್ಣನಿಗೆ ನನ್ನ ಮೇಲೆ ಏನು ದ್ವೇಷ ಅಂತ' ಅಂದಿರಬೇಕು" ಅಂದ ರುದ್ರೇಶ.

ಆ ನಗು ಎಪಿಎಂಸಿ ಗೇಟಿನವರೆಗೆ ಕೇಳಿರಬೇಕು. ಟೀಚರ್ ಮಾತ್ರ ನಗಲಿಲ್ಲ. ಪರ್ಸಿನ ಝಿಪ್ ಹಾಕಿಕೊಂಡರು. ಅವರ ತೀರ್ಪು ಅದು. ಬಸಣ್ಣ ಬಿಲ್ಲನ್ನು ತಂದು, ಯಾರೂ ಹೇಳದೆಯೇ, ಶಾಮಣ್ಣನ ಮುಂದೆ ಇಟ್ಟ.

ಅದೇ ಹೊತ್ತಿಗೆ ಶಾಮಣ್ಣನಿಗೆ ಫೋನ್ ಬಂತು. ರಿಂಗ್ ಆದದ್ದು ನಮಗೆ ಯಾರಿಗೂ ಕೇಳಲಿಲ್ಲ. "ಹಲೋ, ಹಲೋ, ಇಲ್ಲಿ ಸಿಗ್ನಲ್ ಇಲ್ಲ" ಅನ್ನುತ್ತಾ ಎದ್ದು ಹೊರಗೆ ಹೋದರು. ಹೋಟೆಲಿನ ಮುಂದೆ ಅವರ ಸ್ಕೂಟರ್ ನಿಂತಿತ್ತು. ಫೋನ್ ಕಿವಿಗೆ ಹಿಡಿದು ಅದರ ಸುತ್ತ ನಡೆಯತೊಡಗಿದರು. ಒಂದು ಸುತ್ತು. ಎರಡು ಸುತ್ತು. ಬಾಗಿಲ ಕಡೆ ಒಮ್ಮೆ ನೋಡಿದರು. ನಾವು ಕೂತೇ ಇದ್ದೆವು. ಮೂರನೇ ಸುತ್ತು.

"ಪೀಕ್ ಪೆಗಾಸಸ್" ಅಂದ ಬೋಪಣ್ಣ.

"ಬಂದರಿಗೆ ಯಾವಾಗ ಬರುತ್ತದೆ ಸಾರ್?" ಅಂದ ಬಸಣ್ಣ. ಅವನಿಗೆ ಕತೆ ಪೂರ್ತಿ ನೆನಪಿತ್ತು.

"ಒಂದು ತಿಂಗಳು ಬೇಕು" ಅಂದ ಮಂಜ.

ಬಸಣ್ಣ ಯೋಚನೆ ಮಾಡಿದ. ಬಿಲ್ಲನ್ನು ವಾಪಸ್ ತೆಗೆದುಕೊಂಡು, ಕಿವಿಯಲ್ಲಿದ್ದ ಪೆನ್ನು ತೆಗೆದು, ಕೆಳಗೆ ಇನ್ನೊಂದು ಸಾಲು ಬರೆದ. ಎಕ್ಸ್‌ಟ್ರಾ ಸಾಂಬಾರ್, ಮೂರು ಸಲ, ಶೇ 25.